ಕಾಲು ಕಳೆದುಕೊಂಡ ಸೈನಿಕನ ಪದಕ: ಪುಣೆಯಿಂದ ಕಾಣುವ ಒಂದು ಪ್ರಶ್ನೆ

2024ರ ಸೆಪ್ಟೆಂಬರ್‌ನಲ್ಲಿ, ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನ ಪುರುಷರ ಎಫ್57 (ಕುಳಿತು ಎಸೆಯುವವರ) ವರ್ಗದ ಶಾಟ್‌ಪಟ್‌ನಲ್ಲಿ ಭಾರತದ ಹೊಕಾಟೊ ಹೊಟೊಝೆ ಸೆಮಾ 14.65 ಮೀಟರ್ ದೂರ ಗುಂಡು ಎಸೆದು ಕಂಚು ಗೆದ್ದರು. ಆಗ ಅವರಿಗೆ 40 ವರ್ಷ. ನಾಗಾಲ್ಯಾಂಡ್‌ನ ದಿಮಾಪುರದವರಾದ ಅವರು ಅಸ್ಸಾಂ ರೆಜಿಮೆಂಟಿನ ಸೈನಿಕರು. 2002ರ ಅಕ್ಟೋಬರ್‌ನಲ್ಲಿ ಕಾಶ್ಮೀರದ ಚೌಕಿಬಲ್ ಭಾಗದಲ್ಲಿ ನೆಲಬಾಂಬ್ ಸಿಡಿದು ಅವರ ಎಡಗಾಲು ಹೋಯಿತು. ಗುಂಡನ್ನು ಕೈಗೆತ್ತಿಕೊಂಡದ್ದು 2016ರಲ್ಲಿ, ಪುಣೆಯ ಕೃತಕ ಕಾಲು ಕೇಂದ್ರದಲ್ಲಿ ಹಿರಿಯ ಸೇನಾಧಿಕಾರಿಯೊಬ್ಬರು ಹುರಿದುಂಬಿಸಿದ ಮೇಲೆ.

ಕಾಲು ಹೋದದ್ದಕ್ಕೂ ಗುಂಡು ಹಿಡಿದದ್ದಕ್ಕೂ ನಡುವೆ ಹದಿನಾಲ್ಕು ವರ್ಷ. ಹಿಡಿದ ಮೇಲೆ ಪ್ಯಾರಿಸ್ ಮುಟ್ಟಲು ಎಂಟು ವರ್ಷ. ಅಂಗ ಕಳೆದುಕೊಂಡ ಸೈನಿಕ ಸ್ಪರ್ಧಾತ್ಮಕ ಕ್ರೀಡೆಯಲ್ಲಿ ಗೆಲ್ಲುವುದು ಯಾವುದರ ಬಲದಿಂದ ಎಂಬ ಚರ್ಚೆ ಈ ಎರಡು ಲೆಕ್ಕಗಳ ಸುತ್ತಲೇ ತಿರುಗುತ್ತದೆ. ಚಿಕಿತ್ಸೆಯೇ, ಸೈನಿಕನ ಛಲವೇ, ಸಂಸ್ಥೆಯೇ, ಸಾಧನವೇ, ಅಥವಾ ಸ್ಪರ್ಧೆಯ ವರ್ಗ ವಿಂಗಡಣೆಯೇ? ಒಂದೊಂದು ಉತ್ತರಕ್ಕೂ ಪ್ರತಿಪಾದಕರಿದ್ದಾರೆ. ಭಾರತದ ಮಟ್ಟಿಗೆ ಈ ಉತ್ತರಗಳನ್ನು ಒರೆಗೆ ಹಚ್ಚಲು ಪುಣೆಗಿಂತ ಒಳ್ಳೆಯ ಊರಿಲ್ಲ. ನಗರದ ದಕ್ಷಿಣದ ಬಿಬವೇವಾಡಿಯಿಂದ ಕೆಲವೇ ಕಿಲೋಮೀಟರ್ ದೂರದ ವಾನವಡಿಯಲ್ಲಿ ಸೇನೆಯ ಕೃತಕ ಕಾಲು ಕೇಂದ್ರವಿದೆ. ಉತ್ತರದ ಖಡಕಿಯಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರ ಪುನರ್ವಸತಿ ಕೇಂದ್ರವೂ ಸೇನೆಯ ಪ್ಯಾರಾಲಿಂಪಿಕ್ ತರಬೇತಿ ಕೇಂದ್ರವೂ ಇವೆ.

ಗಾಯದ ಸ್ವರೂಪ

ಮನುಷ್ಯರನ್ನೇ ಗುರಿಯಾಗಿಟ್ಟ ಸಣ್ಣ ನೆಲಬಾಂಬಿನ ಉದ್ದೇಶ ಕೊಲ್ಲುವುದಕ್ಕಿಂತ ಊನಗೊಳಿಸುವುದು. ಒಬ್ಬ ಗಾಯಗೊಂಡರೆ ಅವನನ್ನು ಹೊರಲು ಇನ್ನಿಬ್ಬರು ಬೇಕು ಎಂಬುದು ಅದರ ಹಿಂದಿನ ಕ್ರೂರ ಲೆಕ್ಕ. ಬಾಂಬನ್ನು ತುಳಿದ ಪಾದ ಛಿದ್ರವಾಗುತ್ತದೆ. ಸ್ಫೋಟದ ರಭಸಕ್ಕೆ ಮಣ್ಣು, ಕಲ್ಲು, ಬೂಟಿನ ಚೂರುಗಳು ಸ್ನಾಯುಗಳ ನಡುವೆ ಮೇಲಕ್ಕೆ ನುಗ್ಗುತ್ತವೆ. ಹೀಗಾಗಿ ಕಣ್ಣಿಗೆ ಕಾಣುವ ಗಾಯಕ್ಕಿಂತ ಮೇಲಿನ ಜಾಗದಲ್ಲಿ ಶಸ್ತ್ರವೈದ್ಯರು ಕಾಲನ್ನು ಕತ್ತರಿಸಬೇಕಾಗುತ್ತದೆ. ಮಂಡಿ ಉಳಿಯಿತೇ ಇಲ್ಲವೇ ಎಂಬುದರ ಮೇಲೆ ಮುಂದಿನ ಬದುಕಿನ ಬಹುಪಾಲು ನಿಂತಿರುತ್ತದೆ. ಮಂಡಿ ಉಳಿದವನು ಕೃತಕ ಕಾಲಿನಲ್ಲಿ ನಡೆಯಲು ಹೆಚ್ಚು ಶ್ರಮಪಟ್ಟರೂ ನಡಿಗೆ ಅವನ ಕೈಮೀರುವುದಿಲ್ಲ. ಮಂಡಿಯೂ ಹೋದವನಿಗೆ ಒಂದೊಂದು ಮೆಟ್ಟಿಲೂ ಪ್ರಶ್ನೆ. ಸ್ಫೋಟದ ಗಾಯಗಳಿಗೆ ಇನ್ನೊಂದು ಕಾಟವಿದೆ: ಉಳಿದ ಮೊಂಡಿನ ಮೃದು ಮಾಂಸದೊಳಗೆ ಮೂಳೆ ಬೆಳೆದು, ಕೃತಕ ಕಾಲಿನ ಸಾಕೆಟ್ ಒತ್ತಿದಾಗಲೆಲ್ಲ ನೋಯುವುದು. ಇಲ್ಲದ ಪಾದ ಉರಿಯುವ, ತುರಿಸುವ ಅನುಭವವೂ ವರ್ಷಗಟ್ಟಲೆ ಕಾಡಬಹುದು.

ಆದರೆ ಕ್ರೀಡೆಯ ದೃಷ್ಟಿಯಿಂದ ನೆಲಬಾಂಬಿನ ಗಾಯಾಳುವಿನ ದೇಹಕ್ಕೆ ಒಂದು ವಿಶೇಷವಿದೆ. ಆತ ಹೆಚ್ಚಾಗಿ ಇಪ್ಪತ್ತರ ಆಸುಪಾಸಿನವನು, ಗಾಯದ ಹಿಂದಿನ ದಿನದವರೆಗೂ ಕಸರತ್ತು ಮಾಡಿದವನು. ಬೆನ್ನುಹುರಿ, ಭುಜ, ತೋಳು, ಹೊಟ್ಟೆಯ ಸ್ನಾಯುಗಳು ಉಳಿದಿರುತ್ತವೆ. ಕುಳಿತು ಎಸೆಯುವ ಸ್ಪರ್ಧೆಗೆ ಬೇಕಾದ ಬಂಡವಾಳ ಇದೇ. ಶಿಲ್ಲಾಂಗಿನ ಸೋಮನ್ ರಾಣಾ 2006ರಲ್ಲಿ ಇಂಥದೇ ಸ್ಫೋಟದಲ್ಲಿ ಬಲಗಾಲು ಕಳೆದುಕೊಂಡರು. ಅವರು ಇದೇ ಎಫ್57 ಶಾಟ್‌ಪಟ್‌ನಲ್ಲಿ ಟೋಕಿಯೊದಲ್ಲಿ ನಾಲ್ಕನೆಯವರಾದರು, ಪ್ಯಾರಿಸ್‌ನಲ್ಲಿ ಐದನೆಯವರಾದರು. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ರಾಣಾ ಬೆಳ್ಳಿ, ಸೆಮಾ ಕಂಚು ಗೆದ್ದರು. ಒಂದೇ ಸೇನೆಯ, ಒಂದೇ ತರಹದ ಗಾಯದ ಇಬ್ಬರು ಒಂದೇ ವೇದಿಕೆಯಲ್ಲಿ ನಿಂತದ್ದು ಆಕಸ್ಮಿಕವಲ್ಲ.

ಚರಿತ್ರೆ

ಗಾಯಾಳು ಸೈನಿಕನಿಗೆ ಏನು ಕೊಡಬೇಕು ಎಂಬ ಪ್ರಶ್ನೆಗೆ ಮೊದಲ ಮಹಾಯುದ್ಧದ ಕಾಲದ ಉತ್ತರ ‘ಕಸುಬು’ ಎಂದಿತ್ತು. 1917ರಲ್ಲಿ ಮುಂಬೈಯಲ್ಲಿ ಹುಟ್ಟಿ ಮುಂದೆ ಖಡಕಿಗೆ ಬಂದ ಕ್ವೀನ್ ಮೇರೀಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಅಂಗವಿಕಲ ಸೈನಿಕರಿಗೆ ಕೈಕೆಲಸ ಕಲಿಸಿತು. ಎರಡನೆಯ ಮಹಾಯುದ್ಧದ ಉತ್ತರ ‘ಅಂಗ’. 1944ರಲ್ಲಿ ಪುಣೆಯ ಕೃತಕ ಕಾಲು ಕೇಂದ್ರ ಆರಂಭವಾಯಿತು. ಅದೇ ವರ್ಷ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ, ನಾಜಿ ಜರ್ಮನಿಯಿಂದ ತಪ್ಪಿಸಿಕೊಂಡು ಬಂದಿದ್ದ ನರವೈದ್ಯ ಲುಡ್‌ವಿಗ್ ಗುಟ್‌ಮನ್ ಬೆನ್ನುಹುರಿ ಗಾಯಾಳುಗಳ ವಿಭಾಗ ತೆರೆದರು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ, ಗುಟ್‌ಮನ್ 16 ಮಂದಿ ಮಾಜಿ ಸೈನಿಕ ಸಿಬ್ಬಂದಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಬಿಲ್ಲುಗಾರಿಕೆ ಸ್ಪರ್ಧೆ ನಡೆಸಿದರು. ಅದು ಬೆಳೆದು 1960ರಲ್ಲಿ ರೋಮ್‌ನ ಕೂಟವಾಯಿತು. ಇಂದು ಅದನ್ನೇ ಮೊದಲ ಪ್ಯಾರಾಲಿಂಪಿಕ್ಸ್ ಎಂದು ಎಣಿಸುತ್ತಾರೆ.

ಭಾರತಕ್ಕೆ ಈ ಕೂಟದ ಮೊದಲ ಚಿನ್ನ ತಂದವರೂ ಸೈನಿಕರೇ. ಸಾಂಗ್ಲಿ ಜಿಲ್ಲೆಯ ಮುರಳಿಕಾಂತ್ ಪೇಟ್ಕರ್ ಸೇನೆಯ ಇಎಂಇ (ಯಂತ್ರೋಪಕರಣಗಳ ದುರಸ್ತಿ, ನಿರ್ವಹಣೆಯ) ವಿಭಾಗದಲ್ಲಿದ್ದ ಬಾಕ್ಸರ್. 1965ರ ಯುದ್ಧದಲ್ಲಿ ಗುಂಡುಗಳು ತಗುಲಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಚಿಕಿತ್ಸೆಯ ಭಾಗವಾಗಿ ಕೊಳಕ್ಕಿಳಿದು ಈಜಿದರು. 1972ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಅನ್ನು 37.33 ಸೆಕೆಂಡುಗಳಲ್ಲಿ ಮುಗಿಸಿ ಚಿನ್ನ ಗೆದ್ದರು. ಪುಣೆಯ ಟೆಲ್ಕೊ ಕಾರ್ಖಾನೆಯಲ್ಲಿ ದುಡಿದರು. ಪದ್ಮಶ್ರೀ ಬಂದದ್ದು 2018ರಲ್ಲಿ. ಚಿನ್ನಕ್ಕೂ ಗೌರವಕ್ಕೂ ನಡುವೆ 46 ವರ್ಷ. 2024ರಲ್ಲಿ ಅವರ ಬದುಕಿನ ಮೇಲೆ ಹಿಂದಿ ಚಲನಚಿತ್ರ ಬಂದ ಮೇಲೆ ಹೆಸರು ಮನೆಮಾತಾಯಿತು.

ಇಲ್ಲಿ ಒಂದು ಸಂಗತಿ ಸಾಮಾನ್ಯವಾಗಿ ಕಣ್ತಪ್ಪುತ್ತದೆ. ಪೇಟ್ಕರ್ ಅವರದು ಅಂಗಚ್ಛೇದವಲ್ಲ, ಬೆನ್ನುಹುರಿಯ ಗಾಯ. ಅಂದಿನ ಪ್ಯಾರಾಲಿಂಪಿಕ್ಸ್‌ನ ಪದಕಗಳೂ ಅಂಥವರಿಗೇ ಮೀಸಲು. ಕೈಕಾಲು ಕಳೆದುಕೊಂಡವರಿಗೆ ಮತ್ತು ದೃಷ್ಟಿ ಇಲ್ಲದವರಿಗೆ ಬಾಗಿಲು ತೆರೆದದ್ದು 1976ರ ಟೊರಾಂಟೊ ಕೂಟದಲ್ಲಿ. 1971ರ ಯುದ್ಧದಲ್ಲಿ ಕಾಲು ಕಳೆದುಕೊಂಡ ಭಾರತೀಯ ಸೈನಿಕ ಎಷ್ಟೇ ಗಟ್ಟಿಗನಾಗಿದ್ದರೂ ಹೈಡೆಲ್‌ಬರ್ಗ್‌ನಲ್ಲಿ ಸ್ಪರ್ಧಿಸುವ ಹಾದಿ ಇರಲಿಲ್ಲ. ಅದಕ್ಕೂ ಮುಂಚೆ ಹಂಗೇರಿಯ ಸೈನಿಕ ಕಾರೊಯ್ ಟಕಾಚ್ 1938ರಲ್ಲಿ ಗ್ರೆನೇಡ್ ಸಿಡಿದು ಬಲಗೈ ಹಾಳಾದ ಮೇಲೆ ಎಡಗೈಯಲ್ಲಿ ಪಿಸ್ತೂಲು ಹಾರಿಸಲು ಕಲಿತು, 1948ರಲ್ಲಿ ಸಾಮಾನ್ಯ ಒಲಿಂಪಿಕ್ಸ್‌ನಲ್ಲೇ ಚಿನ್ನ ಗೆದ್ದದ್ದುಂಟು. ಅದು ಅಪವಾದ.

ಭಾರತದಲ್ಲಿ ಈ ಕ್ರೀಡೆಗೆ ಸಂಘಟನೆಯ ರೂಪ ಬಂದದ್ದು ಕನ್ನಡ ನೆಲದಲ್ಲಿ. ಇಂದಿನ ಭಾರತೀಯ ಪ್ಯಾರಾಲಿಂಪಿಕ್ ಸಮಿತಿಯ ಮೂಲಸಂಸ್ಥೆಯನ್ನು ಅರ್ಜುನ ಪ್ರಶಸ್ತಿ ವಿಜೇತ ಎಂ. ಮಹದೇವ ಮತ್ತು ಗೆಳೆಯರು 1992ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದರು. ಆ ಸಂಸ್ಥೆಯ ಮುಂದಿನ ಹಾದಿ ಸುಗಮವಾಗಿರಲಿಲ್ಲ. 2015ರಲ್ಲಿ ಅಂತರರಾಷ್ಟ್ರೀಯ ಸಮಿತಿ ಅದನ್ನು ಅಮಾನತಿನಲ್ಲಿಟ್ಟಿತು. ಸೇನೆಯೇ ತನ್ನವರಿಗಾಗಿ ಖಡಕಿಯ ಬಾಂಬೆ ಎಂಜಿನಿಯರ್ ಗ್ರೂಪ್ ಕೇಂದ್ರದಲ್ಲಿ ಆರ್ಮಿ ಪ್ಯಾರಾಲಿಂಪಿಕ್ ನೋಡ್ ತೆರೆದದ್ದು 2017ರಲ್ಲಿ. ಮರುವರ್ಷವನ್ನು ಸೇನೆ, ಕರ್ತವ್ಯದಲ್ಲಿ ಅಂಗವಿಕಲರಾದ ಸೈನಿಕರ ವರ್ಷವೆಂದು ಘೋಷಿಸಿತು.

ಆಟವೇ ಔಷಧ ಎಂಬ ಪಂಥ

ಗುಟ್‌ಮನ್ ಅವರದು ವೈದ್ಯನ ದೃಷ್ಟಿ. ಬೆನ್ನುಹುರಿ ತುಂಡಾದವರು ಒತ್ತುಹುಣ್ಣಿನಿಂದ, ಮೂತ್ರದ ಸೋಂಕಿನಿಂದ ಸಾಯುತ್ತಿದ್ದ ಕಾಲದಲ್ಲಿ ಅವರನ್ನು ಹಾಸಿಗೆಯಿಂದ ಎಬ್ಬಿಸುವುದೇ ಚಿಕಿತ್ಸೆ. ಆಟ ಅದರ ಅತ್ಯಂತ ಹಿತವಾದ ರೂಪ. ಪೇಟ್ಕರ್ ಅವರ ಈಜು ಈ ಚೌಕಟ್ಟಿನಲ್ಲಿ ಸರಿಯಾಗಿ ಕೂರುತ್ತದೆ. 1974ರಿಂದ ಖಡಕಿಯಲ್ಲಿರುವ ಪ್ಯಾರಾಪ್ಲೆಜಿಕ್ ಪುನರ್ವಸತಿ ಕೇಂದ್ರದ ಕ್ರೀಡಾ ಸಂಪ್ರದಾಯವೂ ಇಲ್ಲಿಂದಲೇ ಬಂದದ್ದು. ಅಲ್ಲಿ ಆಟವೆಂಬುದು ದಿನಚರಿ, ಪದಕ ಬಂದರೆ ಲಾಭ.

ಈ ಪಂಥ ಆರಂಭವನ್ನು ವಿವರಿಸುತ್ತದೆ, ಗೆಲುವನ್ನಲ್ಲ. ಚಿಕಿತ್ಸೆಗೆ ಸಾಕಾಗುವಷ್ಟು ಆಟಕ್ಕೂ ಜಗತ್ತಿನ ಮೊದಲ ಮೂವರಲ್ಲಿ ನಿಲ್ಲಲು ಬೇಕಾದ ಆಟಕ್ಕೂ ಹೋಲಿಕೆಯೇ ಇಲ್ಲ. ಎರಡನೆಯದು ಭುಜವನ್ನು ಸವೆಸುತ್ತದೆ, ಮೊಂಡನ್ನು ಹುಣ್ಣು ಮಾಡುತ್ತದೆ. ವೈದ್ಯ ‘ಸಾಕು’ ಎನ್ನುವಲ್ಲಿ ಕೋಚ್ ಶುರುಮಾಡುತ್ತಾನೆ.

ಸೈನಿಕನ ಛಲ ಎಂಬ ಪಂಥ

ಪತ್ರಿಕೆ, ಸಿನಿಮಾ, ಸನ್ಮಾನ ಸಭೆಗಳ ಮೆಚ್ಚಿನ ಉತ್ತರ ಇದು: ಸೇನೆ ಕಲಿಸಿದ ಶಿಸ್ತು, ನೋವು ನುಂಗುವ ಅಭ್ಯಾಸ, ಸೋಲೊಪ್ಪದ ಗುಣ. ಇದರಲ್ಲಿ ಹುರುಳಿಲ್ಲವೆಂದಲ್ಲ. 1971ರ ಯುದ್ಧದಲ್ಲಿ ನಜ್ಜುಗುಜ್ಜಾದ ತನ್ನ ಕಾಲನ್ನು ಗೂರ್ಖಾ ಖುಕುರಿಯಿಂದ ತಾನೇ ಕತ್ತರಿಸಿಕೊಂಡ ಇಯಾನ್ ಕಾರ್ಡೋಜೊ ಮುಂದೆ ಕೃತಕ ಕಾಲಿನಲ್ಲೇ ಕಾಲಾಳು ಬೆಟಾಲಿಯನ್ನಿನ ನಾಯಕತ್ವ ವಹಿಸಿದರು, ಮೇಜರ್ ಜನರಲ್ ಆದರು. 1999ರ ಕಾರ್ಗಿಲ್ ಕಾಳಗದಲ್ಲಿ ಬಲಗಾಲು ಕಳೆದುಕೊಂಡ ಮೇಜರ್ ದೇವೇಂದರ್ ಪಾಲ್ ಸಿಂಗ್ ಹತ್ತು ವರ್ಷಗಳ ನಂತರ ಅರ್ಧ ಮ್ಯಾರಥಾನ್ ಓಡತೊಡಗಿದರು. ಇವರು ಬೆನ್ನುಹತ್ತಿದ್ದು ಪ್ಯಾರಾಲಿಂಪಿಕ್ ಪದಕವನ್ನಲ್ಲ. ಗೆಲುವಿನ ಅರ್ಥವೇ ಇಲ್ಲಿ ಬೇರೆ.

ಆದರೆ ವಿವರಣೆಯಾಗಿ ಛಲ ಸೋರುತ್ತದೆ. ಮೊದಲನೆಯದಾಗಿ, ಅದು ಗೆದ್ದವರನ್ನು ಮಾತ್ರ ಎಣಿಸುತ್ತದೆ. ಅಷ್ಟೇ ಛಲವಿದ್ದೂ ಊರಿಗೆ ಮರಳಿ ಹೊಲ ನೋಡಿಕೊಂಡವರ ಲೆಕ್ಕ ಅದರ ಬಳಿ ಇಲ್ಲ. ಸೆಮಾ ಅವರಿಗೆ 2002ರಿಂದ 2016ರವರೆಗೆ ಛಲವಿರಲಿಲ್ಲವೇ? ಇತ್ತೆಂದಾದರೆ, ಆ ಹದಿನಾಲ್ಕು ವರ್ಷ ಅದು ಪದಕವಾಗದೆ ಏಕೆ ಉಳಿಯಿತು ಎಂಬುದಕ್ಕೆ ಈ ಪಂಥದಲ್ಲಿ ಉತ್ತರವಿಲ್ಲ. ಇನ್ನೊಂದು ಲೆಕ್ಕ ಇನ್ನೂ ಕಠಿಣ. ಪ್ಯಾರಿಸ್‌ನಲ್ಲಿ ಭಾರತ ಗೆದ್ದ 29 ಪದಕಗಳಲ್ಲಿ ನೆಲಬಾಂಬಿಗೆ ಕಾಲು ಕೊಟ್ಟ ಸೈನಿಕನದು ಒಂದೇ. ಉಳಿದವರಲ್ಲಿ ಹುಟ್ಟಿನಿಂದಲೇ ಅಂಗವಿಕಲರಾದವರಿದ್ದಾರೆ, ರಸ್ತೆ, ರೈಲು ಅಪಘಾತಗಳ ಗಾಯಾಳುಗಳಿದ್ದಾರೆ. ಜಾವೆಲಿನ್‌ನಲ್ಲಿ ಟೋಕಿಯೊ, ಪ್ಯಾರಿಸ್ ಎರಡರಲ್ಲೂ ಚಿನ್ನ ಗೆದ್ದ ಸುಮಿತ್ ಅಂತಿಲ್ ಮಂಡಿಯ ಕೆಳಗೆ ಎಡಗಾಲು ಕಳೆದುಕೊಂಡದ್ದು ಬೈಕ್ ಅಪಘಾತದಲ್ಲಿ. 2012ರಲ್ಲಿ ಲಂಡನ್‌ನಲ್ಲಿ ಎತ್ತರ ಜಿಗಿತದ ಬೆಳ್ಳಿ ಗೆದ್ದ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಸಮವಸ್ತ್ರ ತೊಟ್ಟವರಲ್ಲ. ಛಲ ಬ್ಯಾರಕ್‌ನ ಆಸ್ತಿಯಲ್ಲ.

ಸಂಸ್ಥೆ ಎಂಬ ಪಂಥ

ಇದರ ವಾದ ಸರಳ: ಗೆಲ್ಲುವುದು ವ್ಯಕ್ತಿಯಾದರೂ ಅವನನ್ನು ಮೈದಾನಕ್ಕೆ ತಂದು ನಿಲ್ಲಿಸುವುದು ವ್ಯವಸ್ಥೆ. ಸೈನಿಕನಿಗೆ ಕಾಲು ಹೋದ ಮೇಲೂ ಸೇವೆಯಲ್ಲಿ ಮುಂದುವರಿಯುವ ಅವಕಾಶ ಸಿಕ್ಕರೆ ಸಂಬಳ ನಿಲ್ಲುವುದಿಲ್ಲ. ಕೃತಕ ಕಾಲು ಮೊದಲ ಸಲ ಜೋಡಿಸಿದರೆ ಮುಗಿಯುವುದಿಲ್ಲ. ಮೊಂಡು ಕುಗ್ಗುತ್ತದೆ, ಸಾಕೆಟ್ ಸಡಿಲವಾಗುತ್ತದೆ, ಬಿಡಿಭಾಗ ಸವೆಯುತ್ತದೆ. ಆಗೆಲ್ಲ ಆತ ಮತ್ತೆ ವಾನವಡಿಗೆ ಬರಲೇಬೇಕು. ದೇಶದ ಮೂಲೆಮೂಲೆಯ ಕಾಲಿಲ್ಲದ ಸೈನಿಕರು ಒಂದೇ ಆವರಣದಲ್ಲಿ ಕಾದು ಕೂರುವ ಜಾಗ ಅದು. ಆಟಗಾರನನ್ನು ಹುಡುಕುವವನಿಗೆ ಅದಕ್ಕಿಂತ ಒಳ್ಳೆಯ ಸಂತೆ ಎಲ್ಲಿದೆ? ಸೆಮಾ ಅವರನ್ನು ಗುರುತಿಸಿದ್ದು ಅಲ್ಲೇ. ಅಲ್ಲಿಂದ ಖಡಕಿಯ ನೋಡ್‌ಗೆ ಹಾದಿ. ಅಲ್ಲಿ ಕೋಚ್, ಊಟ, ವ್ಯಾಯಾಮಶಾಲೆ, ಎಸೆತದ ಪೀಠ, ಜೊತೆಗೆ ತನ್ನಂಥದೇ ಗಾಯದ ಎದುರಾಳಿ. ಆಂಧ್ರದ ನಾರಾಯಣ ಕೊಂಗನಪಲ್ಲೆ 2015ರಲ್ಲಿ ಸ್ಫೋಟಕ್ಕೆ ಎಡಗಾಲು ಕಳೆದುಕೊಂಡ ಮೇಲೆ ಸೇನೆಯ ಪುಣೆಯ ರೋಯಿಂಗ್ ಕೇಂದ್ರದಲ್ಲಿ ಹುಟ್ಟು ಹಿಡಿದು, ಹಾಂಗ್‌ಝೌನಲ್ಲಿ ಅನಿತಾ ಅವರ ಜೊತೆ ಮಿಶ್ರ ವಿಭಾಗದ ಬೆಳ್ಳಿ ಗೆದ್ದರು. ಶಿಲ್ಲಾಂಗ್, ದಿಮಾಪುರ, ಆಂಧ್ರಗಳಿಂದ ಬಂದ ಮೂವರೂ ಪುಣೆಯಲ್ಲೇ ಕ್ರೀಡಾಪಟುಗಳಾದದ್ದನ್ನು ಬೇರಾವ ಪಂಥವೂ ಇಷ್ಟು ಚೆನ್ನಾಗಿ ವಿವರಿಸುವುದಿಲ್ಲ.

ಬಿಬವೇವಾಡಿಯ ಹೋಲಿಕೆ ಇಲ್ಲಿ ಸಲ್ಲುತ್ತದೆ. ಅಲ್ಲಿ ಕಾರ್ಮಿಕರ ವಿಮಾ ಆಸ್ಪತ್ರೆಯಿದೆ. ಇಎಸ್ಐ ಯೋಜನೆಯಲ್ಲಿ ವಿಮೆದಾರ ಕಾರ್ಮಿಕನಿಗೆ ಕೃತಕ ಅಂಗ ಕೊಡುವ ಏರ್ಪಾಡೂ ಇದೆ. ಯಂತ್ರಕ್ಕೆ ಸಿಕ್ಕಿ ಕಾಲು ಕಳೆದುಕೊಂಡ ಕಾರ್ಮಿಕನಿಗೆ ಹೀಗೆ ಕಾಲು ಸಿಗಬಹುದು. ಸಂಬಳದ ಜೊತೆಗೆ ಎಂಟು ವರ್ಷ ಗುಂಡು ಎಸೆಯುವ ಬಿಡುವು ಯಾವ ವಿಮೆಯಲ್ಲೂ ಬರುವುದಿಲ್ಲ. ಇಬ್ಬರ ನಡುವಿನ ಅಂತರ ಎದೆಗಾರಿಕೆಯದಲ್ಲ, ಹಾಜರಿ ಪುಸ್ತಕದ್ದು.

ಈ ಪಂಥಕ್ಕೂ ಮಿತಿಗಳಿವೆ. ಪೇಟ್ಕರ್ ಗೆದ್ದಾಗ ನೋಡ್ ಇರಲಿಲ್ಲ. ಅವರ ವಿದೇಶ ಪ್ರಯಾಣಕ್ಕೆ ಒದಗಿದ್ದು ಕ್ರಿಕೆಟಿಗ ವಿಜಯ್ ಮರ್ಚಂಟ್ ಅವರ ನೆರವು. ಮದ್ರಾಸ್ ಸ್ಯಾಪರ್ಸ್‌ನ ಆನಂದನ್ ಗುಣಶೇಖರನ್ 2008ರಲ್ಲಿ ನೆಲಬಾಂಬಿಗೆ ಎಡಗಾಲು ಕಳೆದುಕೊಂಡು, ನೋಡ್ ಹುಟ್ಟುವ ಮೊದಲೇ ಓಟಕ್ಕೆಂದೇ ಮಾಡಿದ ಕೃತಕ ಕಾಲು, ಅಂದರೆ ಬ್ಲೇಡ್ ತೊಟ್ಟು ಓಡತೊಡಗಿದ್ದರು. 2019ರಲ್ಲಿ ಚೀನಾದ ವುಹಾನ್‌ನ ವಿಶ್ವ ಸೇನಾ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು. ಮೇಲಾಗಿ, ಗೆಲ್ಲಬಲ್ಲವರನ್ನು ಆರಿಸಿಕೊಳ್ಳುವ ಸಂಸ್ಥೆ ‘ಗೆಲ್ಲಿಸಿದ್ದು ನಾನು’ ಎಂದಾಗ ಆಯ್ಕೆಯ ಪಾಲೆಷ್ಟು, ತರಬೇತಿಯ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಹಾಗಿದ್ದರೂ ಹದಿನಾಲ್ಕು ವರ್ಷದ ಮೌನ, ಎಂಟು ವರ್ಷದ ಏರಿಕೆ ಎರಡಕ್ಕೂ ಲೆಕ್ಕ ಕೊಡುವುದು ಈ ಪಂಥವೊಂದೇ.

ಸಾಧನ ಮತ್ತು ವರ್ಗ

ನಾಲ್ಕನೆಯ ಉತ್ತರ ಎಂಜಿನಿಯರುಗಳದು. ಅಮೆರಿಕದ ವ್ಯಾನ್ ಫಿಲಿಪ್ಸ್ 1980ರ ದಶಕದಲ್ಲಿ ರೂಪಿಸಿದ ಇಂಗಾಲ ನಾರಿನ ಪಾದ, ಓಟದ ಬ್ಲೇಡ್‌ಗಳಿಗೆ ದಾರಿ ಮಾಡಿತು. ಪಾದ ನೆಲಕ್ಕೆ ತಾಗಿದಾಗ ಸ್ಪ್ರಿಂಗಿನಂತೆ ಬಾಗಿ, ಮೇಲೇಳುವಾಗ ಪಡೆದ ಶಕ್ತಿಯ ಬಹುಪಾಲನ್ನು ಹಿಂದಿರುಗಿಸುತ್ತದೆ. ಹೊಸದಾಗಿ ಶಕ್ತಿ ಸೇರಿಸುವುದಿಲ್ಲ. 1968ರಲ್ಲಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ.ಕೆ. ಸೇಠಿ ರೂಪಿಸಿದ ಜೈಪುರ ಕಾಲು ಬೇರೆಯೇ ಗುರಿಯದು: ಬರಿಗಾಲಲ್ಲಿ ಗದ್ದೆಗಿಳಿಯಲು, ಕುಕ್ಕರುಗಾಲಲ್ಲಿ ಕೂರಲು. ಒಂದು ಸ್ಪರ್ಧೆಯ ಕಾಲು, ಇನ್ನೊಂದು ಸಂಸಾರದ ಕಾಲು.

ಬ್ಲೇಡ್ ಅನ್ಯಾಯದ ಅನುಕೂಲವೇ ಎಂಬ ವಿವಾದ ದಕ್ಷಿಣ ಆಫ್ರಿಕಾದ ಓಟಗಾರ ಆಸ್ಕರ್ ಪಿಸ್ಟೋರಿಯಸ್ ಪ್ರಕರಣದಲ್ಲಿ ಬಿಗಡಾಯಿಸಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ 2008ರ ಜನವರಿಯಲ್ಲಿ ಅವರನ್ನು ನಿಷೇಧಿಸಿತು, ಮೇ ತಿಂಗಳಲ್ಲಿ ಕ್ರೀಡಾ ನ್ಯಾಯಮಂಡಳಿ ನಿಷೇಧ ರದ್ದುಮಾಡಿತು. ಸ್ವಾರಸ್ಯವೆಂದರೆ, ಪಿಸ್ಟೋರಿಯಸ್ ಪರವಾಗಿ ಪರೀಕ್ಷೆ ನಡೆಸಿದ ವಿಜ್ಞಾನಿಗಳ ತಂಡವೇ ಮರುವರ್ಷ ಎರಡು ಹೋಳಾಯಿತು. ಪೀಟರ್ ವೇಯಾಂಡ್ ಮತ್ತು ಮ್ಯಾಥ್ಯೂ ಬಂಡಲ್, ಹಗುರ ಬ್ಲೇಡನ್ನು ಬೇಗ ಬೀಸಬಹುದಾದ್ದರಿಂದ ಭಾರಿ ಲಾಭವಿದೆ ಎಂದರು. ರೋಜರ್ ಕ್ರಾಮ್, ಹ್ಯೂ ಹರ್ ಮುಂತಾದವರು ಒಪ್ಪಲಿಲ್ಲ. ಆ ಚರ್ಚೆ ಎರಡೂ ಕಾಲಿಲ್ಲದವರದು. ಆನಂದನ್ ಅವರಂತೆ ಒಂದೇ ಕಾಲು ಹೋದವರಲ್ಲಿ ಎರಡು ಬಗೆಯ ಕಾಲುಗಳನ್ನು ಒಂದೇ ಲಯಕ್ಕೆ ತರುವ ತೊಡಕೂ ಸೇರಿಕೊಳ್ಳುತ್ತದೆ.

ಕುಳಿತು ಎಸೆಯುವವನಿಗೆ ಬ್ಲೇಡ್ ಪ್ರಸ್ತುತವೇ ಅಲ್ಲ. ಅವನ ಸಾಧನ ನೆಲಕ್ಕೆ ಬಿಗಿದು ಕಟ್ಟಿದ ಕಬ್ಬಿಣದ ಪೀಠ. ಪೀಠದ ಎತ್ತರಕ್ಕೆ ಮಿತಿಯಿದೆ, ಎಸೆಯುವಾಗ ಆಸನದಿಂದ ಮೇಲೇಳುವಂತಿಲ್ಲ. ಪೀಠ ಕಟ್ಟಿ ಬಿಚ್ಚಲು ಹೊತ್ತು ಹಿಡಿಯುವುದರಿಂದ ಎಸೆತಗಳನ್ನು ಒಬ್ಬೊಬ್ಬರೂ ಒಂದರ ಹಿಂದೊಂದರಂತೆ ಮುಗಿಸುತ್ತಾರೆ. ಎದುರಾಳಿಯ ದೂರ ನೋಡಿ ದಣಿವಾರಿಸಿಕೊಳ್ಳುವ ಅವಕಾಶವಿಲ್ಲ. ದುಬಾರಿ ತಂತ್ರಜ್ಞಾನ ಇಲ್ಲಿ ಬೇಕಿಲ್ಲ. ಭಾರತದ ಸೈನಿಕರ ಪದಕಗಳು ಓಟದ ಹಾದಿಗಿಂತ ಈ ಪೀಠದ ಮೇಲೆ ಹೆಚ್ಚು ಎದ್ದುಕಾಣುವುದಕ್ಕೆ ಇದೂ ಒಂದು ಕಾರಣವೆಂದು ಊಹಿಸಬಹುದು.

ಸ್ಪರ್ಧೆಯ ವರ್ಗಗಳೂ ಫಲಿತಾಂಶ ನಿರ್ಧರಿಸುತ್ತವೆ. ಆರಂಭದಲ್ಲಿ ವರ್ಗ ವಿಂಗಡಣೆ ವೈದ್ಯಕೀಯ ರೋಗನಿರ್ಣಯವನ್ನು ಅನುಸರಿಸುತ್ತಿತ್ತು. ಆಮೇಲೆ, ದೇಹ ಏನು ಮಾಡಬಲ್ಲದು ಎಂಬುದನ್ನು ನೋಡುವ ಪದ್ಧತಿ ಬಂತು. ಕುಳಿತು ಎಸೆಯುವವರಲ್ಲಿ ಎಫ್57 ಅತಿ ಕಡಿಮೆ ಊನದ ವರ್ಗ. ಅಂಗಚ್ಛೇದಿತರೂ ಪೋಲಿಯೊ ಪೀಡಿತರೂ ಅಲ್ಲಿ ಒಟ್ಟಿಗೆ ಎಸೆಯುತ್ತಾರೆ. ವರ್ಗದ ತೂಕ ಎಷ್ಟೆಂಬುದನ್ನು ಟೋಕಿಯೊ ತೋರಿಸಿತು. ಗಡಿ ಭದ್ರತಾ ಪಡೆಯಲ್ಲಿದ್ದ ವಿನೋದ್ ಕುಮಾರ್ ಎಫ್52 ಡಿಸ್ಕಸ್‌ನಲ್ಲಿ ಮೂರನೆಯವರಾದರೂ, ಆ ವರ್ಗಕ್ಕೆ ಅವರು ಸೇರುತ್ತಾರೆಂದು ತೀರ್ಮಾನಿಸಲಾಗದೆ ಫಲಿತಾಂಶ ರದ್ದಾಯಿತು, ಕಂಚು ಕೈತಪ್ಪಿತು.

ಆಕ್ಷೇಪಿಸುವವರು

ಅಂಗವಿಕಲರ ಹಕ್ಕುಗಳ ಚಳವಳಿಯಿಂದ ಬಂದ ಟೀಕೆ ಪ್ರಶ್ನೆಯನ್ನೇ ತಿರುಗಿಸುತ್ತದೆ: ಇವನು ಗೆದ್ದದ್ದು ಹೇಗೆ ಎನ್ನುವುದಕ್ಕಿಂತ, ಈ ಗೆಲುವು ಯಾರಿಗೆ ಬೇಕಾಗಿದೆ ಎಂದು ಕೇಳಬೇಕೆನ್ನುತ್ತದೆ. ಆಸ್ಟ್ರೇಲಿಯಾದ ಸ್ಟೆಲ್ಲಾ ಯಂಗ್ 2014ರಲ್ಲಿ, ಅಂಗವಿಕಲರ ಬದುಕನ್ನು ಉಳಿದವರ ಸ್ಫೂರ್ತಿಯ ಸರಕಾಗಿಸುವುದನ್ನು ಕಟುವಾಗಿ ಟೀಕಿಸಿದರು. ಸೈನಿಕನ ವಿಷಯದಲ್ಲಿ ಇದಕ್ಕೆ ಇನ್ನೊಂದು ಪದರವಿದೆ. ಪದಕದ ಹೊಳಪು ಗಾಯದ ಕಾರಣವನ್ನು ಮರೆಸುತ್ತದೆ. ಯುದ್ಧ, ಗಡಿ, ನೆಲಬಾಂಬ್ ಎಲ್ಲವೂ ಕಥೆಯ ಮೊದಲ ಸಾಲಾಗಿ ಮುಗಿದುಹೋಗುತ್ತವೆ.

ಭಾಷೆಯೂ ಈ ಜಗಳದ ಭಾಗ. ‘ಅಂಗವಿಕಲ’ ಎಂಬುದು ಒರಟೆಂದು ‘ವಿಕಲಚೇತನ’ ಎಂಬ ಪದವನ್ನು ಕರ್ನಾಟಕ ಸರ್ಕಾರ ಬಳಕೆಗೆ ತಂದಿತು. ಈಗ ಇಲಾಖೆಯ ಹೆಸರಿನಲ್ಲೇ ಅದಿದೆ. ಬಿಡಿಸಿ ಓದಿದರೆ ಊನವಾದದ್ದು ಅಂಗವಲ್ಲ, ಚೇತನ ಎಂದಾಗುತ್ತದೆ. 14 ಮೀಟರ್ ಆಚೆ ಗುಂಡು ಎಸೆಯುವವನನ್ನು ಹಾಗೆ ಕರೆಯುವುದು ವಿಚಿತ್ರ. ಹಿಂದಿಯಿಂದ ಬಂದ ‘ದಿವ್ಯಾಂಗ’ ಇನ್ನೊಂದು ತುದಿಗೆ ಜಿಗಿಯುತ್ತದೆ.

ಇತ್ಯರ್ಥವಾಗದೆ ಉಳಿದವು

ಮೊದಲನೆಯದು ಅಳತೆಯ ತೊಡಕು. ಒಂದೇ ಕಾಲನ್ನು ಮೂರು ಕಡೆ ಮೂರು ಬಗೆಯಲ್ಲಿ ಅಳೆಯುತ್ತಾರೆ. ಸೇನೆಯ ವೈದ್ಯಕೀಯ ಮಂಡಳಿ ಪಿಂಚಣಿಗಾಗಿ ಶೇಕಡಾವಾರು ಊನ ಬರೆಯುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸೌಲಭ್ಯಗಳಿಗಾಗಿ ಶೇ 40ರ ಗೆರೆ ಎಳೆದಿದೆ. ಕ್ರೀಡಾ ವರ್ಗೀಕರಣ ಸಂಧಿಯ ಚಲನೆ, ಸ್ನಾಯುವಿನ ಬಲ, ಕಾಲಿನ ಉದ್ದ ನೋಡುತ್ತದೆ. ಒಂದರ ತೀರ್ಮಾನ ಇನ್ನೊಂದಕ್ಕೆ ಸಲ್ಲುವುದಿಲ್ಲ. ಸೈನಿಕರ ಅಂಗವೈಕಲ್ಯ ಪರಿಹಾರದ ನಿಯಮಗಳನ್ನು 2023ರಲ್ಲಿ ಬದಲಾಯಿಸಿದಾಗ ಎದ್ದ ವಿವಾದ ಇನ್ನೂ ತಣ್ಣಗಾಗಿಲ್ಲ. ಮೈದಾನದಲ್ಲಿ ಮಿಂಚಿದವನ ಊನವನ್ನು ಕಚೇರಿಯಲ್ಲಿ ಕಡಿಮೆ ಎಂದು ಕಾಣುವ ಅಪಾಯ ಇದೆಯೇ ಎಂಬ ಪ್ರಶ್ನೆ ಇದರ ಜೊತೆಗೇ ಬರುತ್ತದೆ.

ಎರಡನೆಯದು ವಯಸ್ಸು. ಮೂವತ್ತೆರಡಕ್ಕೆ ಆರಂಭಿಸಿ ನಲವತ್ತಕ್ಕೆ ಪದಕ ಗೆದ್ದವನ ಭುಜ ಐವತ್ತೈದರಲ್ಲಿ ಹೇಗಿರುತ್ತದೆ? ಗಾಲಿಕುರ್ಚಿಗೂ ಊರುಗೋಲಿಗೂ ಬೇಕಾದದ್ದು ಅದೇ ಭುಜ. ನೋಡ್ ಆರಂಭವಾಗಿ ಇನ್ನೂ ಹೆಚ್ಚು ಕಾಲವಾಗಿಲ್ಲದ್ದರಿಂದ ಅಲ್ಲಿ ತಯಾರಾದವರ ಶರೀರಗಳು ಇದಕ್ಕೆ ಉತ್ತರ ಹೇಳುವ ವಯಸ್ಸಿಗೆ ಬಂದಿಲ್ಲ.

ಗಾಯದ ನಂತರ ಸೇವೆ ಬಿಟ್ಟು ಊರಿಗೆ ಮರಳಿದವರನ್ನು ಹುಡುಕಿ ತರುವ ಹೊಣೆ ಯಾರದು, ಅರೆಸೇನಾ ಪಡೆಗಳ ಗಾಯಾಳುಗಳಿಗೆ ಸೇನೆಯವರಷ್ಟೇ ಗಟ್ಟಿಯಾದ ಏಣಿ ಇರಬೇಕಲ್ಲವೇ ಎಂಬ ಪ್ರಶ್ನೆಗಳೂ ತೆರೆದೇ ಇವೆ. ಇವೆಲ್ಲಕ್ಕಿಂತ ದೊಡ್ಡದು, ಪುಣೆಯ ಮಾದರಿಯನ್ನು ಕಂಟೋನ್ಮೆಂಟಿನ ಗೋಡೆಯಾಚೆ ಕಟ್ಟಲು ಬರುತ್ತದೆಯೇ ಎಂಬುದು. ಕೃತಕ ಕಾಲು, ಕೋಚ್, ಸಂಬಳದ ಬಿಡುವು, ಜೊತೆಗಾರ ಎದುರಾಳಿ ಈ ನಾಲ್ಕೂ ಸೇನೆಯಲ್ಲಿ ಒಂದೇ ಆಜ್ಞೆಯಡಿ ಸೇರುತ್ತವೆ. ಹೊರಗೆ ಅವು ಆರೋಗ್ಯ, ಕ್ರೀಡೆ, ಕಾರ್ಮಿಕ, ಸಮಾಜ ಕಲ್ಯಾಣ ಎಂದು ಬೇರೆಬೇರೆ ಇಲಾಖೆಗಳಿಗೆ ಹಂಚಿಹೋಗಿವೆ. ಬಿಬವೇವಾಡಿಯ ಕಾರ್ಮಿಕ ವಾನವಡಿಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿದ್ದಾನೆ. ಎಸೆತದ ಪೀಠದಿಂದ ಎಷ್ಟು ದೂರದಲ್ಲಿದ್ದಾನೆ ಎಂಬುದನ್ನು ಯಾವ ಇಲಾಖೆಯೂ ಅಳೆದಂತಿಲ್ಲ.